ಯಂತ್ರದ ಬುದ್ಧಿಯೂ ಜೀವದ ಅರಿವೂ

೨೦೨೨ನೆಯ ಇಸವಿಯ ಜೂನ್ ತಿಂಗಳಲ್ಲಿ ಅಮೇರಿಕೆಯ ಗೂಗಲ್ ಕಂಪನಿಯ ಬ್ಲೇಕ್ ಲೆಮೊಯಿನ್ ಎಂಬ ಇಂಜಿನಿಯರರು, ತಾವು ಪರೀಕ್ಷಿಸುತ್ತಿದ್ದ ಲಾಮ್ಡಾ ಎಂಬ ಮಾತನಾಡುವ ಗಣಕಕ್ಕೆ ಅರಿವುಂಟೆಂದು ಲೋಕಕ್ಕೆ ಸಾರಿದರು. ಕಂಪನಿಯು ಆ ಮಾತನ್ನು ಅಲ್ಲಗಳೆದು, ಮರುತಿಂಗಳಲ್ಲಿಯೇ ಅವರನ್ನು ಕೆಲಸದಿಂದ ತೆಗೆಯಿತು. ಆದರೆ ಅವರೆತ್ತಿದ ಪ್ರಶ್ನೆಯನ್ನು ಕೆಲಸದಿಂದ ತೆಗೆಯುವದು ಯಾವ ಕಂಪನಿಗೂ ಶಕ್ಯವಿಲ್ಲ.

ಪ್ರಶ್ನೆಯು ಹೊಸದಲ್ಲ. ೧೯೫೦ರಲ್ಲಿ ಅಲನ್ ಟ್ಯೂರಿಂಗ್ ಎಂಬ ಆಂಗ್ಲ ಗಣಿತಜ್ಞರು 'ಮೈಂಡ್' ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದು, ಯಂತ್ರವು ಯೋಚಿಸಬಲ್ಲದೆ ಎಂದು ಕೇಳುವದಕ್ಕೆ ಬದಲಾಗಿ, ಮರೆಯಲ್ಲಿದ್ದು ಉತ್ತರ ಕೊಡುವದು ಮನುಷ್ಯನೋ ಯಂತ್ರವೋ ಎಂಬದನ್ನು ಪರೀಕ್ಷಕನು ಗುರುತಿಸಬಲ್ಲನೆ ಎಂದು ನೋಡಬೇಕೆಂದರು. ಪರೀಕ್ಷೆಯೇನೋ ಜಾಣತನದ್ದು, ಆದರೆ ಅದು ಅಳೆಯುವದು ನಡತೆಯನ್ನು, ಅನುಭವವನ್ನಲ್ಲ. ನಡತೆಗೆ ನಾವೆಷ್ಟು ಬೇಗನೆ ಮರುಳಾಗುತ್ತೇವೆಂಬದಕ್ಕೆ, ೧೯೬೬ರಲ್ಲಿ ಜೋಸೆಫ್ ವೈಜನ್‌ಬಾಮರು ಪ್ರಕಟಿಸಿದ ಎಲೈಜಾ ಎಂಬ ಗಣಕದ ಏರ್ಪಾಡೇ ಸಾಕ್ಷಿ. ಆಡಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಒಪ್ಪಿಸುವದಷ್ಟೇ ಅದರ ವಿದ್ಯೆ. ಅದನ್ನು ಕಟ್ಟುವದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿನಿಯೇ, ಅದರೊಡನೆ ಮಾತಿಗೆ ಕುಳಿತಾಗ, ಅವರನ್ನು ಕೋಣೆಯಿಂದ ಹೊರಗಿರಬೇಕೆಂದು ಕೇಳಿಕೊಂಡಳಂತೆ!

ನಮ್ಮ ದರ್ಶನಕಾರರು ಇಲ್ಲಿ ಉಪಯುಕ್ತವಾದ ಭೇದವೊಂದನ್ನು ಮಾಡಿಟ್ಟಿದ್ದಾರೆ. ಸಾಂಖ್ಯರ ಮತದಲ್ಲಿ ಬುದ್ಧಿಯು ಪ್ರಕೃತಿಯಿಂದ ಹುಟ್ಟಿದ್ದು, ಆದುದರಿಂದ ಜಡ. ಚೇತನನು ಪುರುಷನೊಬ್ಬನೇ. ಎಂದಮೇಲೆ ಯಂತ್ರವು ಚದುರಂಗದಲ್ಲಿ ಗೆದ್ದರೂ ಅರ್ಜಿ ಬರೆದರೂ ಸಾಂಖ್ಯನು ಬೆರಗಾಗಬೇಕಾದುದಿಲ್ಲ. ಬುದ್ಧಿಯ ಕೆಲಸವು ಜಡದಿಂದ ನಡೆಯಿತೆಂದಷ್ಟೇ ಆತನು ಹೇಳುವನು. ಚಾರ್ವಾಕನಾದರೋ, ಕಿಣ್ವಾದಿಗಳ ಕೂಟದಿಂದ ಮದಶಕ್ತಿ ಹುಟ್ಟುವಂತೆ ಭೂತಗಳ ಕೂಟದಿಂದಲೇ ಚೈತನ್ಯವು ಹುಟ್ಟುವದೆಂದನು. ಆತನ ಮಾತು ನಿಜವಾದರೆ, ರಕ್ತಮಾಂಸಗಳಲ್ಲಿ ಆದುದು ಸಿಲಿಕಾನಿನಲ್ಲಿ ಏಕೆ ಆಗಕೂಡದು?

ಇಂದಿನ ವಿಜ್ಞಾನಿಗಳೂ ಇದೇ ಕವಲಿನಲ್ಲಿ ನಿಂತಿದ್ದಾರೆ. ತತ್ತ್ವಜ್ಞರೂ ವಿಜ್ಞಾನಿಗಳೂ ಕೂಡಿ ೧೯ ಮಂದಿ ೨೦೨೩ರ ಆಗಸ್ಟಿನಲ್ಲಿ ವರದಿಯೊಂದನ್ನು ಪ್ರಕಟಿಸಿದರು. ತಕ್ಕ ಬಗೆಯ ಗಣನೆಯಿಂದ ಚೈತನ್ಯವು ಬರಬಲ್ಲದೆಂದು ಮೊದಲು ಹಿಡಿದುಕೊಂಡು ವಿಚಾರಿಸಿಯೂ, ಆಗಿದ್ದ ಯಾವ ಯಂತ್ರವೂ ಚೈತನ್ಯವುಳ್ಳದ್ದೆನ್ನಲು ಬಲವಾದ ಆಧಾರವಿಲ್ಲವೆಂದೂ, ಮುಂದೆ ಅಂಥದನ್ನು ಕಟ್ಟುವದಕ್ಕೆ ಎದ್ದು ಕಾಣುವ ಅಡ್ಡಿಯೂ ಇಲ್ಲವೆಂದೂ ಅವರು ಹೇಳಿದರು.

ಇದು ಪಂಡಿತರ ಜಗಳವೆಂದು ಅಧಿಕಾರಿಗಳು ಸುಮ್ಮನಿರಲಾಗದು. ನೆದರ್‌ಲೆಂಡ್ಸ್ ದೇಶದಲ್ಲಿ ಶಿಶುಪಾಲನೆಯ ಸಹಾಯಧನ ಪಡೆದ ಸಾವಿರಾರು ಕುಟುಂಬಗಳನ್ನು ತೆರಿಗೆ ಖಾತೆಯವರು ವಂಚಕರೆಂದು ತಪ್ಪಾಗಿ ಎಣಿಸಿ, ಹಣವನ್ನು ಹಿಂದಕ್ಕೆ ಕೇಳಿ ಬೀದಿಪಾಲು ಮಾಡಿದರು. ಯಾರನ್ನು ಶಂಕಿಸಬೇಕೆಂದು ಆರಿಸುವದರಲ್ಲಿ ಗಣಕದ ಲೆಕ್ಕಕ್ಕೂ ಪಾಲಿದ್ದಿತು. ಕೊನೆಗೆ ೨೦೨೧ರ ಜನವರಿಯಲ್ಲಿ ಅಲ್ಲಿಯ ಮಂತ್ರಿಮಂಡಲವೇ ರಾಜೀನಾಮೆ ಕೊಡಬೇಕಾಯಿತು. ರಾಜೀನಾಮೆ ಕೊಟ್ಟವರು ಮನುಷ್ಯರು, ಗಣಕವಲ್ಲ ಎಂಬದನ್ನು ವಾಚಕರು ಲಕ್ಷಿಸಬೇಕು. ನಾಚಿಕೆಯನ್ನೂ ಪಶ್ಚಾತ್ತಾಪವನ್ನೂ ಅರಿಯದುದನ್ನು ದಂಡಿಸುವದೆಂತು? ಯಂತ್ರಕ್ಕೆ ಅರಿವುಂಟೆಂದು ಅವಸರದಿಂದ ಒಪ್ಪಿದೆವಾದರೆ, ನಾಳೆ ಅದರ ಒಡೆಯನು 'ನಿರ್ಣಯಿಸಿದ್ದು ಅದೇ' ಎಂದು ಕೈತೊಳೆದುಕೊಳ್ಳುವನು.

ಹಾಗೆಂದು, ಎಂದೆಂದಿಗೂ ಇಲ್ಲವೆಂದು ಹಟ ಹಿಡಿಯುವದೂ ಸಲ್ಲದು. ೧೭ನೆಯ ಶತಮಾನದಲ್ಲಿ ಫ್ರೆಂಚ್ ತತ್ತ್ವಜ್ಞನಾದ ಡೇಕಾರ್ಟನು ಪಶುಗಳನ್ನು ಯಂತ್ರಗಳೆಂದೇ ಬಗೆದನು. ೨೦೧೨ರಲ್ಲಿ ಕೇಂಬ್ರಿಜಿನಲ್ಲಿ ಕೂಡಿದ ವಿಜ್ಞಾನಿಗಳು, ಸಸ್ತನಿಗಳಿಗೂ ಪಕ್ಷಿಗಳಿಗೂ ಅರಿವನ್ನುಂಟುಮಾಡುವ ನರವ್ಯವಸ್ಥೆ ಇದೆಯೆಂದು ಘೋಷಿಸಿದರು. ನಡುವಣ ಶತಮಾನಗಳಲ್ಲಿ ಆ ಮೂಕಜೀವಿಗಳು ಪಟ್ಟ ಪಾಡನ್ನು ನೆನೆದರೆ, ಇಲ್ಲವೆನ್ನುವವರೂ ವಿನಯವನ್ನು ಕಲಿಯಬೇಕಾಗಿದೆ.

ಆದಕಾರಣ ನಮ್ಮ ಅಭಿಪ್ರಾಯವಿಷ್ಟು: ವಿಚಾರದ ಬಾಗಿಲು ತೆರೆದಿರಲಿ, ಯಂತ್ರಕ್ಕೆ ಅರಿವುಂಟೆನ್ನುವವರು ಅದರ ಮಾತಿನಿಂದಲ್ಲದೆ ಬೇರೆ ಪ್ರಮಾಣದಿಂದ ಸಿದ್ಧಪಡಿಸಲಿ. ಅಲ್ಲಿಯ ವರೆಗೆ, ಪ್ರಜೆಯ ಅನ್ನಕ್ಕೂ ಮಾನಕ್ಕೂ ತಾಗುವ ಯಂತ್ರದ ಪ್ರತಿಯೊಂದು ತೀರ್ಪಿನ ಕೆಳಗೆ, ಹೆಸರುಳ್ಳ ಒಬ್ಬ ಮನುಷ್ಯನ ರುಜು ಇರತಕ್ಕದ್ದು.