ಅಗ್ಗದ ಟಿಕೆಟ್ಟು ಹುಟ್ಟುವುದೆಲ್ಲಿ? ಮದ್ದೂರು ಗೇಟಿನ ಬಳಿ ಒಂದು ಲೆಕ್ಕ

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಹೊಲ ಮುಗಿದು ಕಾಡು ಶುರುವಾಗುವ ಕಡೆ ಮದ್ದೂರು ಇದೆ. ವಡೆಗೆ ಹೆಸರಾದ ಮಂಡ್ಯ ಜಿಲ್ಲೆಯ ಮದ್ದೂರು ಬೇರೆ. ಇದು ಚಾಮರಾಜನಗರ ಜಿಲ್ಲೆಯದು, ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಊರು. ಇಲ್ಲಿನ ಅರಣ್ಯ ಚೆಕ್‌ಪೋಸ್ಟಿನ ಗೇಟು ರಾತ್ರಿ 9ಕ್ಕೆ ಬಿದ್ದರೆ ಮತ್ತೆ ಏಳುವುದು ಬೆಳಗ್ಗೆ 6ಕ್ಕೆ. ನಡುವೆ ತುರ್ತು ವಾಹನಗಳಿಗೂ ಎರಡು ರಾಜ್ಯಗಳ ಬೆರಳೆಣಿಕೆಯ ಸಾರಿಗೆ ಬಸ್ಸುಗಳಿಗೂ ಮಾತ್ರ ದಾರಿ. ದೂರದೂರಿನ ಬಸ್ಸಿನ ವ್ಯಾಪಾರವನ್ನು ಕಲಿಯಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಈ ಗೇಟಿನ ವಿಷಯವನ್ನೇ. ಬಸ್ಸಿನ ಲಾಭನಷ್ಟವೆಲ್ಲ ಗಡಿಯಾರದ ಮೇಲೆ ನಿಂತಿದೆ ಎಂಬ ಮಾತು ಪುಸ್ತಕದಲ್ಲಿ ಓದಿದರೆ ತಲೆಗೆ ಹತ್ತುವುದಿಲ್ಲ, ಇಲ್ಲಿ ನಿಂತರೆ ಕಣ್ಣಿಗೇ ಕಾಣುತ್ತದೆ.

ಮೊದಲು ನಾಲ್ಕು ಪದಗಳು, ಬೇಗ ಮುಗಿಸೋಣ. ಗೊತ್ತಾದ ದಾರಿಯಲ್ಲಿ, ಗೊತ್ತಾದ ಹೊತ್ತಿಗೆ, ನಿಲ್ದಾಣ ನಿಲ್ದಾಣದಲ್ಲಿ ಹತ್ತಿಸಿ ಇಳಿಸುತ್ತ ಹಂತದ ಲೆಕ್ಕದಲ್ಲಿ ದರ ಪಡೆಯುವ ಬಸ್ಸಿಗೆ ಇರುವುದು ಸ್ಟೇಜ್ ಕ್ಯಾರೇಜ್ ಪರ್ಮಿಟ್. ಒಂದು ಗುಂಪನ್ನು ಒಪ್ಪಂದದ ಮೇಲೆ ಇಲ್ಲಿಂದ ಅಲ್ಲಿಗೆ ಒಯ್ಯುವ, ನಡುದಾರಿಯಲ್ಲಿ ಯಾರನ್ನೂ ಹತ್ತಿಸಿಕೊಳ್ಳಬಾರದ ಬಸ್ಸಿನದು ಕಾಂಟ್ರಾಕ್ಟ್ ಕ್ಯಾರೇಜ್ ಪರ್ಮಿಟ್. ಬೆಂಗಳೂರಿನಿಂದ ರಾತ್ರಿ ಹೊರಡುವ ಖಾಸಗಿ ಬಸ್ಸುಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು. ಇರುವ ಸೀಟುಗಳಲ್ಲಿ ನೂರಕ್ಕೆ ಎಷ್ಟು ತುಂಬಿದವು ಎಂಬುದು ಲೋಡ್ ಫ್ಯಾಕ್ಟರ್. ಒಂದು ದಿಕ್ಕಿನ ಒಂದು ಓಟ ಸಿಂಗಲ್.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಟಿಕೆಟ್ ದರ ಹೇಗೆ ಹುಟ್ಟುತ್ತದೆ ಎಂದು ಯಾವ ಸಭೆಯಲ್ಲಿ ಕೇಳಿದರೂ ಬರುವ ಉತ್ತರ ಒಂದೇ: ಡೀಸೆಲ್ ಖರ್ಚನ್ನು ತಲೆಗೆ ಹಂಚಿ, ಮೇಲಿಷ್ಟು ಲಾಭ ಇಡುತ್ತಾರೆ. ಇದನ್ನು ನಂಬಿದವರಿಗೆ ಅಗ್ಗದ ಟಿಕೆಟ್ಟು ಕಂಡರೆ ಅನುಮಾನ, ದುಬಾರಿ ಟಿಕೆಟ್ಟು ಕಂಡರೆ ಸಿಟ್ಟು. ನಿಜವಾದ ಲೆಕ್ಕಕ್ಕೆ ಎರಡು ಕಾಲುಗಳಿವೆ. ಡೀಸೆಲ್, ಟೈರು, ಆಯಿಲ್, ಟೋಲ್ ಇವು ಚಕ್ರ ಉರುಳಿದಾಗ ಮಾತ್ರ ಆಗುವ ಖರ್ಚು. ಸಾಲದ ಕಂತು, ವಿಮೆ, ಮೂರು ತಿಂಗಳಿಗೊಮ್ಮೆ ಕಟ್ಟುವ ತೆರಿಗೆ, ಚಾಲಕರ ಸಂಬಳ, ಷೆಡ್ಡಿನ ಬಾಡಿಗೆ ಇವು ಬಸ್ಸು ಓಡಲಿ ಬಿಡಲಿ ದಿನ ಬೆಳಗಾದರೆ ಬಂದು ನಿಲ್ಲುವ ಖರ್ಚು.

ಒಂದು ಉದಾಹರಣೆ ಹಿಡಿಯೋಣ. ಅಂಕಿಗಳು ಲೆಕ್ಕದ ಸಲುವಾಗಿ ನಾನೇ ಇಟ್ಟವು. 40 ಸೀಟಿನ ಬಸ್ಸು, 300 ಕಿ.ಮೀ. ದಾರಿ. ಓಟದ ಖರ್ಚು ಕಿ.ಮೀ.ಗೆ 25 ರೂಪಾಯಿ, ನಿಂತ ಖರ್ಚು ದಿನಕ್ಕೆ 12,000 ರೂಪಾಯಿ. ಬಸ್ಸು ದಿನಕ್ಕೆ ಒಂದೇ ಸಿಂಗಲ್ ಮಾಡಿದರೆ ಓಟಕ್ಕೆ 7,500, ನಿಂತದ್ದಕ್ಕೆ 12,000, ಒಟ್ಟು 19,500. ಬಸ್ಸು ಪೂರ್ತಿ ತುಂಬಿದರೆ ತಲೆಗೆ 488 ರೂಪಾಯಿ ಬೀಳುತ್ತದೆ. ಬರೀ 24 ಜನ ಬಂದರೆ 813. ಅದೇ ಬಸ್ಸು ದಿನಕ್ಕೆ ಎರಡು ಸಿಂಗಲ್ ಮಾಡಲಿ. ಓಟಕ್ಕೆ 15,000, ನಿಂತದ್ದಕ್ಕೆ ಮತ್ತೆ ಅದೇ 12,000, ಒಟ್ಟು 27,000. ಎರಡೂ ಓಟ ತುಂಬಿದರೆ ತಲೆಗೆ 338. ಎರಡರಲ್ಲೂ 24 ಜನರಷ್ಟೇ ಇದ್ದರೆ 563.

ಈ ನಾಲ್ಕು ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ನೋಡಿ. ಡೀಸೆಲ್ ದರ ಒಂದು ಪೈಸೆಯೂ ಬದಲಾಗಿಲ್ಲ, ದಾರಿ ಬದಲಾಗಿಲ್ಲ. ಆದರೂ ಒಬ್ಬನ ಪಾಲು 338ರಿಂದ 813ರವರೆಗೆ ಓಲಾಡಿತು. ಅದನ್ನು ಓಲಾಡಿಸಿದ್ದು ಎರಡೇ ಸಂಗತಿ: ದಿನಕ್ಕೆ ಎಷ್ಟು ಹೊತ್ತು ಚಕ್ರ ಉರುಳಿತು, ಎಷ್ಟು ಸೀಟು ತುಂಬಿತು. ಅಗ್ಗದ ಟಿಕೆಟ್ಟು ಹುಟ್ಟುವುದು ಇಲ್ಲಿಯೇ. ಹೋದ ಬಸ್ಸು ಎಷ್ಟು ಬೇಗ ತಿರುಗಿ ಬರುತ್ತದೆ, ಬರುವಾಗ ಎಷ್ಟು ತುಂಬಿ ಬರುತ್ತದೆ ಎಂಬುದನ್ನು ಬಲ್ಲವನೇ ಈ ವ್ಯಾಪಾರವನ್ನು ಬಲ್ಲವನು. ನನಗೆ ಈ ಲೆಕ್ಕ ಎಷ್ಟು ಸಲ ಮಾಡಿದರೂ ಬೇಸರ ಬಂದಿಲ್ಲ.

ಈಗ ಸೀಟು ಎಂಬ ಸರಕಿನ ಗುಣ ನೋಡೋಣ. ಗುಂಡ್ಲುಪೇಟೆಯ ಚೆಂಡುಹೂವಿನಂತೆ ಅದು ಕೂಡಿಡಲು ಬಾರದ ಮಾಲು. ಬಸ್ಸು ಹೊರಟ ಗಳಿಗೆಯಲ್ಲಿ ಖಾಲಿ ಸೀಟಿನ ಬೆಲೆ ಸೊನ್ನೆ. ಇನ್ನೊಬ್ಬನನ್ನು ಕೂರಿಸಿಕೊಂಡರೆ ಮಾಲೀಕನಿಗೆ ಆಗುವ ಹೆಚ್ಚಿನ ಖರ್ಚು ಹೆಚ್ಚುಕಡಿಮೆ ಏನೂ ಇಲ್ಲ. ಅದಕ್ಕೇ ಮಂಗಳವಾರ, ಬುಧವಾರದ ಸೀಟನ್ನು ಅರ್ಧ ಬೆಲೆಗೂ ಕೊಡುತ್ತಾರೆ. ಶುಕ್ರವಾರ ಸಂಜೆ ಅದೇ ಸೀಟು ಇಮ್ಮಡಿಯಾಗುತ್ತದೆ. ಓಣಂ ಹಿಂದಿನ ದಿನ ಬೆಂಗಳೂರಿನಿಂದ ಕಲ್ಲಿಕೋಟೆಗೆ ಹೊರಟ ಬಸ್ಸು ತುಂಬಿ ತುಳುಕಿದರೂ ಮರಳುವಾಗ ಅದರಲ್ಲಿ ಕೂರುವವರಿಲ್ಲ. ಹೋಗುವವನ ಟಿಕೆಟ್ಟು ಖಾಲಿ ವಾಪಸಾಗುವ ಬಸ್ಸಿನ ಖರ್ಚನ್ನೂ ಹೊರುತ್ತದೆ. ಇಷ್ಟು ಹೇಳಿದ ಮಾತ್ರಕ್ಕೆ ಹಬ್ಬದ ಹೊತ್ತಿನ ಯಾವ ದರವಾದರೂ ನ್ಯಾಯವೆಂದು ನಾನು ಒಪ್ಪುವುದಿಲ್ಲ. ಖಾಲಿ ವಾಪಸು ಓಟ ಹೆಚ್ಚೆಂದರೆ ದರವನ್ನು ದುಪ್ಪಟ್ಟು ಮಾಡಬಲ್ಲದು. ಮೂರು ಪಟ್ಟು, ನಾಲ್ಕು ಪಟ್ಟು ಕೇಳುವವರು ಕೇಳುತ್ತಿರುವುದು ಪ್ರಯಾಣಿಕನ ಅಸಹಾಯಕತೆಯ ಬೆಲೆಯನ್ನು. ಅದಕ್ಕೆ ಸರ್ಕಾರ ಮಿತಿ ಹಾಕಲೇಬೇಕು.

ಸೀಟು ತುಂಬಿಸುವ ಕೆಲಸ ಹಿಂದೆ ಏಜೆಂಟರದು. ಯಾವ ಬಸ್ಸಿನಲ್ಲಿ ಎಷ್ಟು ಸೀಟು ಖಾಲಿ ಎಂದು ತಿಳಿಯಲು ಅಂಗಡಿಯಿಂದ ಅಂಗಡಿಗೆ ಅಲೆಯಬೇಕಿತ್ತು. 2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಟಿಕೆಟ್ ಸಿಗದೆ ಉಳಿದ ಫಣೀಂದ್ರ ಸಾಮ ಎಂಬ ಎಂಜಿನಿಯರ್, ಇಬ್ಬರು ಗೆಳೆಯರ ಜೊತೆ 2006ರಲ್ಲಿ ರೆಡ್‌ಬಸ್ ಶುರುಮಾಡಿದ್ದು ಈ ಅಲೆದಾಟವನ್ನು ತಪ್ಪಿಸಲು. ಯುರೋಪಿನಲ್ಲಿ ಇದೇ ಯೋಚನೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಜರ್ಮನಿ 2013ರಲ್ಲಿ ದೂರದ ಬಸ್ಸುಗಳಿಗೆ ದಾರಿ ತೆರೆದಾಗ ಓಡಾಟ ಆರಂಭಿಸಿದ ಫ್ಲಿಕ್ಸ್‌ಬಸ್ ತಾನು ಬಸ್ಸು ಕೊಳ್ಳುವ ಗೋಜಿಗೆ ಹೋಗಲಿಲ್ಲ. ಬಸ್ಸೂ ಚಾಲಕನೂ ಸ್ಥಳೀಯ ಮಾಲೀಕನವು. ಹೆಸರು, ವೇಳಾಪಟ್ಟಿ, ದರ, ಟಿಕೆಟ್ ಮಾರಾಟ ಕಂಪನಿಯದು. 2024ರಲ್ಲಿ ಅದು ಮೊದಲು ದೆಹಲಿಗೆ, ಆಮೇಲೆ ಬೆಂಗಳೂರಿಗೂ ಬಂತು. ಬ್ರಿಟನ್ನಿನಲ್ಲಿ 2003ರಲ್ಲೇ ಮೆಗಾಬಸ್ ಒಂದು ಪೌಂಡಿನ ಟಿಕೆಟ್ಟು ತೋರಿಸಿ ಜನರನ್ನು ಸೆಳೆದಿತ್ತು. ಒಂದು ಪೌಂಡಿನ ಸೀಟುಗಳು ಕೆಲವೇ. ಮೊದಲೇ ಕಾಯ್ದಿರಿಸಿದವನಿಗೆ ಅಗ್ಗ, ಕೊನೆಗೆ ಬಂದವನಿಗೆ ದುಬಾರಿ, ಒಟ್ಟಿನಲ್ಲಿ ಬಸ್ಸು ತುಂಬಬೇಕು. ನಮ್ಮ ಲೆಕ್ಕದ ಎರಡನೆಯ ಸಂಗತಿ ಅದೇ.

ಕರ್ನಾಟಕದ ಕತೆಗೆ ಬೇರೆ ತಿರುವುಗಳಿವೆ. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ತೆರೆಯಿತು. 1961ರ ಆಗಸ್ಟಿನಲ್ಲಿ ಅದು ನಿಗಮವಾಯಿತು. ಪರ್ಮಿಟ್ಟಿನ ಎರಡು ಬಗೆಗಳ ಜಗಳ ಅಲ್ಲಿಂದಲೂ ನಡೆದುಬಂದಿದೆ. ಕಾಂಟ್ರಾಕ್ಟ್ ಪರ್ಮಿಟ್ ಇಟ್ಟುಕೊಂಡು ಸ್ಟೇಜ್ ಬಸ್ಸಿನಂತೆ ಓಡಿಸುತ್ತಾರೆಂದು 1976ರಲ್ಲಿ ರಾಜ್ಯ ಸರ್ಕಾರ ಕಾನೂನು ಮಾಡಿ ಖಾಸಗಿ ಕಾಂಟ್ರಾಕ್ಟ್ ಬಸ್ಸುಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1977ರಲ್ಲಿ ಸುಪ್ರೀಂ ಕೋರ್ಟ್ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು. ಕಾನೂನು ಓದುವವರು ಆ ತೀರ್ಪನ್ನು ಇಂದಿಗೂ ಓದುತ್ತಾರೆ, ಅದರ ಹಿಂದೆ ನಮ್ಮ ರಾಜ್ಯದ ಬಸ್ಸುಗಳಿವೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. 2003ರಲ್ಲಿ ಸರ್ಕಾರವೇ ಆ ಕಾನೂನನ್ನು ರದ್ದುಮಾಡಿತು. ರದ್ದತಿಯ ವಿರುದ್ಧದ ತಕರಾರೂ ಸುಪ್ರೀಂ ಕೋರ್ಟಿಗೆ ಹೋಗಿ, 2025ರಲ್ಲಿ ರದ್ದತಿ ಸರಿಯೆಂದು ತೀರ್ಪಾಯಿತು.

ಈ ಹಿನ್ನೆಲೆಯಲ್ಲಿ ಮದ್ದೂರಿನ ಗೇಟನ್ನು ನೋಡಿ. ರಾತ್ರಿ ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದವು. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಬಂಡೀಪುರದೊಳಗಿನ ಎರಡು ಹೆದ್ದಾರಿಗಳಲ್ಲಿ ರಾತ್ರಿ ಸಂಚಾರ ನಿಲ್ಲಿಸಿತು. ಒಂದು ಮದ್ದೂರಿನ ಮೇಲೆ ಕೇರಳಕ್ಕೆ ಹೋಗುವುದು, ಇನ್ನೊಂದು ಬಂಡೀಪುರದ ಮೇಲೆ ಊಟಿಯ ಕಡೆಗೆ ಹೋಗುವುದು. 2010ರ ಮಾರ್ಚಿನಲ್ಲಿ ಹೈಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿಯಿತು, ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. ಮದ್ದೂರಿನಾಚೆ ಮೂಲೆಹೊಳೆಯವರೆಗಿನ ಕಾಡಿನ ದಾರಿ ಸುಮಾರು 20 ಕಿ.ಮೀ. ಮಾತ್ರ. ಆದರೆ ಅದು ಮುಚ್ಚುವ ಹೊತ್ತು ಯಾವುದು ನೋಡಿ: ದೂರದ ಬಸ್ಸಿಗೆ ಅತಿ ಬೆಲೆಬಾಳುವ ಒಂಬತ್ತು ಗಂಟೆ. ರಾತ್ರಿ ಬಸ್ಸು ಪ್ರಯಾಣಿಕನ ಒಂದು ಹಗಲಿನ ಕೂಲಿಯನ್ನೂ ಲಾಡ್ಜಿನ ಬಾಡಿಗೆಯನ್ನೂ ಉಳಿಸುತ್ತದೆ. ಮಾಲೀಕನಿಗೆ ಅದು ಚಕ್ರ ಉರುಳುವ ಹೊತ್ತು. ಬೆಂಗಳೂರಿನಿಂದ ಬರುವ ಬಸ್ಸು 9ರೊಳಗೆ ಮದ್ದೂರು ದಾಟಬೇಕಾದರೆ ಮಧ್ಯಾಹ್ನವೇ ಹೊರಡಬೇಕು. ಕೆಲಸ ಮುಗಿಸಿ ಹೊರಡುವವನಿಗೆ ಆ ಬಸ್ಸು ಇದ್ದೂ ಇಲ್ಲದಂತೆ.

ಹಾಗಾದರೆ ಗೇಟಿನಿಂದ ಟಿಕೆಟ್ಟು ದುಬಾರಿಯಾಯಿತೇ? ಈ ಪ್ರಶ್ನೆಗೆ ಎರಡೂ ಕಡೆಯವರು ಗಟ್ಟಿಯಾಗಿ ಕೂಗುತ್ತಾರೆ, ಲೆಕ್ಕ ಮಾಡುವವರು ಕಡಿಮೆ. ನಾವು ಮಾಡೋಣ. ರಾತ್ರಿ ತೆರೆದಿರುವ ಬದಲಿ ದಾರಿ ಮೈಸೂರಿನಿಂದ ಹುಣಸೂರು, ಗೋಣಿಕೊಪ್ಪ, ಕುಟ್ಟ, ತೋಲ್ಪೆಟ್ಟಿ, ಮಾನಂದವಾಡಿಯ ಮೇಲೆ ಹೋಗುತ್ತದೆ. ಸುತ್ತು ಸುಮಾರು 35 ಕಿ.ಮೀ. ಎಂದು ಹಿಡಿಯಿರಿ. ನಮ್ಮ ಉದಾಹರಣೆಯ 25 ರೂಪಾಯಿ ದರದಲ್ಲಿ 875 ರೂಪಾಯಿ. ಬಸ್ಸಿನಲ್ಲಿ 30 ಜನರಿದ್ದರೆ ತಲೆಗೆ 29 ರೂಪಾಯಿ. ಹೊತ್ತು ಒಂದು ಗಂಟೆ ಹೆಚ್ಚಾದರೂ ಬೆಳಗ್ಗೆ 5ಕ್ಕೆ ಮುಟ್ಟುವ ಬಸ್ಸು 6ಕ್ಕೆ ಮುಟ್ಟುತ್ತದೆ. ಅಂದೇ ರಾತ್ರಿ ಹಿಂದಿರುಗಲು ಅದಕ್ಕೆ ಇಡೀ ಹಗಲಿದೆ, ಸಿಂಗಲ್ ತಪ್ಪುವುದಿಲ್ಲ. ಕಾರಿನಲ್ಲಿ ಒಬ್ಬನೇ ಹೋಗುವವನು ಮಾತ್ರ ಸುತ್ತಿನ ಪೂರ್ತಿ ಖರ್ಚನ್ನು ಒಬ್ಬನೇ ಹೊರುತ್ತಾನೆ. ಹಂಚಿಕೊಂಡ ವಾಹನ ಹಂಚಿಕೊಂಡೇ ಭಾರವನ್ನು ಹಗುರ ಮಾಡುತ್ತದೆ. ಆನೆಗಳು ರಾತ್ರಿ ರಸ್ತೆ ದಾಟಲು ಒಬ್ಬ ಬಸ್ ಪ್ರಯಾಣಿಕ ತೆರುವ ಬೆಲೆ ಎರಡು ಕಾಫಿಯ ದುಡ್ಡು ಎಂದು ಗೊತ್ತಾದರೆ, ಕೊಡುವುದಿಲ್ಲ ಎನ್ನುವವರು ಹೆಚ್ಚಿರಲಾರರು. ಗೇಟು ಇರಬೇಕು ಎಂಬುದು ನನ್ನ ನಿಲುವು. ಅದರ ಜೊತೆಗೆ ಬದಲಿ ದಾರಿ ಗುಂಡಿಯಿಲ್ಲದಂತೆ ಇರಬೇಕು.

ಅಗ್ಗಕ್ಕೆ ಒಂದು ಕೆಟ್ಟ ದಾರಿಯೂ ಇದೆ, ಅದನ್ನು ಮುಚ್ಚಿಡಬಾರದು. ಚಕ್ರ ಹೆಚ್ಚು ಉರುಳಿದರೆ ಲಾಭ ಎಂದಾಗ ಚಾಲಕನ ನಿದ್ದೆಗೆ ಕೈಹಾಕುವ ಆಸೆ ಹುಟ್ಟುತ್ತದೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸಾಮಾನ್ಯವಾಗಿ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿ ಇಟ್ಟಿತ್ತು. ಬಸ್ಸು ಬಿಡುವಿಲ್ಲದೆ ಓಡಬಹುದು, ಮನುಷ್ಯ ಓಡಲಾರ. ರಾತ್ರಿ ದೂರದ ಬಸ್ಸು ಹತ್ತುವಾಗ ಇಬ್ಬರು ಚಾಲಕರಿದ್ದಾರೆಯೇ ಎಂದು ಕೇಳುವುದು ಪ್ರಯಾಣಿಕನ ಹಕ್ಕು. ಕೇಳಿ.

ಕೊನೆಯದಾಗಿ, ದೊಡ್ಡ ಕಂಪನಿಗಳ ಜಾಣತನವನ್ನು ಮೆಚ್ಚುವವರು ನೆನಪಿಡಬೇಕಾದ ಒಂದು ವಿಷಯ. ಅವರು ಓಡಿಸುವುದು ತುಂಬುವ ದಾರಿಗಳಲ್ಲಿ ಮಾತ್ರ. ಕಾಡಂಚಿನ ಹಳ್ಳಿಗೆ ಸಂಜೆ ಹೋಗಿ, ಅಲ್ಲೇ ರಾತ್ರಿ ತಂಗಿ, ಬೆಳಗ್ಗೆ ಶಾಲೆಯ ಮಕ್ಕಳನ್ನೂ ಹಾಲು ತರಕಾರಿ ತರುವವರನ್ನೂ ಕರೆತರುವ ಹಾಲ್ಟ್ ಗಾಡಿ ನಮ್ಮ ಲೆಕ್ಕದಲ್ಲಿ ಎರಡೂ ಪರೀಕ್ಷೆಯಲ್ಲಿ ಸೋಲುತ್ತದೆ: ಓಡುವುದು ಕಡಿಮೆ, ತುಂಬುವುದು ಒಂದೇ ದಿಕ್ಕಿಗೆ. ಆ ಬಸ್ಸು ಓಡುತ್ತಿರುವುದು ನಿಗಮದ ಐರಾವತ, ರಾಜಹಂಸಗಳು ತುಂಬುವ ದಾರಿಯಲ್ಲಿ ಗಳಿಸಿ ತಂದದ್ದರಿಂದಲೂ ಸರ್ಕಾರ ಕೊಡುವುದರಿಂದಲೂ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲದೆ ಓಡಾಡುತ್ತಿದ್ದಾರೆ, ಆ ದುಡ್ಡನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. ತುಂಬುವ ದಾರಿಗಳೆಲ್ಲ ಬೇರೆಯವರ ಪಾಲಾದರೆ ಹಾಲ್ಟ್ ಗಾಡಿಯ ಖರ್ಚನ್ನು ಯಾರು ಹೊರುತ್ತಾರೆ ಎಂಬುದನ್ನು ಪರ್ಮಿಟ್ ಕೊಡುವ ಮೊದಲೇ ಕೇಳಬೇಕು.

ಇಲ್ಲಿಯವರೆಗೆ ಓದಿದವರು ಇಷ್ಟಕ್ಕೇ ನಿಲ್ಲಬಾರದೆಂದು ನನ್ನ ಬೇಡಿಕೆ. ಗುಂಡ್ಲುಪೇಟೆ, ಚಾಮರಾಜನಗರದ ಕಾಲೇಜುಗಳ ವಾಣಿಜ್ಯ ಮತ್ತು ಅರ್ಥಶಾಸ್ತ್ರದ ವಿದ್ಯಾರ್ಥಿಗಳೇ, ಗುಂಡ್ಲುಪೇಟೆಯ ಬಸ್ ನಿಲ್ದಾಣ ಮೂರು ರಾಜ್ಯಗಳ ದಾರಿ ಕೂಡುವ ಜಾಗ. ಒಂದು ವಾರ ಅಲ್ಲಿ ನಿಂತು ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಸೀಟು ಖಾಲಿ ಇತ್ತು ಎಂದು ಬರೆದುಕೊಳ್ಳಿ. ನಿಗಮದ ಒಂದು ಕಿ.ಮೀ.ಯ ಖರ್ಚು, ಒಂದು ಕಿ.ಮೀ.ಯ ಗಳಿಕೆಯ ಅಂಕಿ ಹುಡುಕಿ ತಂದು ಪಕ್ಕದಲ್ಲಿಟ್ಟು ಹೋಲಿಸಿ. ನಾನಿಟ್ಟ ಅಂಕಿಗಳನ್ನು ತೆಗೆದುಹಾಕಿ ನಿಮ್ಮ ಅಂಕಿಗಳನ್ನು ಇಡಿ.