ಉಸುಕಿನೊಳಗೆ ಮನೆಮಾಡುವ ಮೀನುಗಳು

ವಿಜಯಪುರ–ಸೋಲಾಪುರ ಹೆದ್ದಾರಿಯ ಮೇಲಿರುವ ನಮ್ಮ ಝಳಕಿಗೂ ಕಡಲಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಇಲ್ಲಿ ಕಣ್ಣು ಹಾಯುವಷ್ಟು ದೂರ ಎರೆಹೊಲ, ಜೋಳ, ತೊಗರಿ. ನೀರೆಂದರೆ ಬಾವಿ, ಬೋರು, ಆಚೆಗೆ ಭೀಮೆ. ಹೀಗಿದ್ದರೂ ಉಪ್ಪುನೀರಿನ ಗಾಜಿನ ತೊಟ್ಟಿಯನ್ನು ಪಡಸಾಲೆಯಲ್ಲಿರಿಸಿ ಕಡಲಿನ ಮೀನು ಸಾಕುವ ಹವ್ಯಾಸವು ನಮ್ಮ ಮನೆಯನ್ನೂ ಹೊಕ್ಕಿತು. ಲವಣದ ಪುಡಿ ಚೀಲದಲ್ಲಿ ಬರುತ್ತದೆ. ಲೀಟರು ಶುದ್ಧ ನೀರಿಗೆ ಸುಮಾರು 35 ಗ್ರಾಂನಂತೆ ಕರಗಿಸಿದರೆ ಕಡಲಿನ ನೀರಿಗೆ ಸಮನಾಗುತ್ತದೆ. ನೀರಿನ ವಿಷಯದಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ತಳಕ್ಕೆ ಹಾಸುವ ಉಸುಕಿನ ವಿಷಯದಲ್ಲಿ ಮಾತ್ರ ಅಂದವೊಂದನ್ನೇ ನೋಡುತ್ತಾರೆ. ನಾವೂ ಹಾಗೆಯೇ ನೋಡಿ ಒಂದು ಜೀವವನ್ನು ಕಳೆದುಕೊಂಡೆವು.

ಅಂಗಡಿಯವರು ‘ರಾಸ್’ ಎಂದು ಕರೆಯುವ ಹಳದಿ ಬಣ್ಣದ ಮೀನೊಂದನ್ನು ತಂದಿದ್ದೆವು. ತೊಟ್ಟಿಯ ತಳಕ್ಕೆ ಅವಡೆಕಾಳಿನಷ್ಟು ದಪ್ಪದ ಬಿಳಿಯ ಹರಳುಗಳನ್ನು ಹರವಿದ್ದೆವು. ನೋಡುವುದಕ್ಕೆ ಬಲು ಸೊಗಸು. ಸಂಜೆ ದೀಪ ಆರಿಸುವ ಹೊತ್ತಿಗೆ ಆ ಮೀನು ತಲೆಕೆಳಗಾಗಿ ಹರಳುಗಳಿಗೆ ಹಾಯತೊಡಗಿತು. ಮನೆಯವರು ಅದಕ್ಕೆ ಹುಚ್ಚು ಹಿಡಿದಿದೆಯೆಂದರು. ಮರುದಿನ ಬೆಳಿಗ್ಗೆ ನೋಡಲು ಮೂತಿ ತರಚಿ, ಮೈಯ ಹೊರೆ ಸುಲಿದು, ತೊಟ್ಟಿಯಿಂದ ಹಾರಿ ನೆಲದ ಮೇಲೆ ಬಿದ್ದು ಸತ್ತಿತ್ತು. ಅದಕ್ಕೆ ಹುಚ್ಚು ಹಿಡಿದಿರಲಿಲ್ಲ. ಮಲಗುವುದಕ್ಕೆ ಹಾಸಿಗೆಯನ್ನು ಹುಡುಕುತ್ತಿತ್ತು. ಈ ಜಾತಿಯ ಅನೇಕ ಮೀನುಗಳು ಕತ್ತಲಾದೊಡನೆ ಉಸುಕಿನೊಳಗೆ ನುಸುಳಿ, ಬೆಳಗಾಗುವವರೆಗೆ ಅಲ್ಲಿಯೇ ಇರುತ್ತವೆ. ಹೆದರಿದಾಗಲೂ ಅವುಗಳಿಗೆ ಅದೇ ಆಸರೆ.

ಈ ಗುಣವನ್ನು ಕಾಣಲು ದೂರದ ಸಮುದ್ರಗಳಿಗೆ ಹೋಗಬೇಕಾದುದಿಲ್ಲ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಸಿಗುವ ಕಾಣೆ ಮೀನು ಬಲೆಯ ಸುಳಿವು ಹತ್ತಿದೊಡನೆ ಉಸುಕಿನಲ್ಲಿ ಹುದುಗಿಕೊಳ್ಳುತ್ತದೆ. ಚಪ್ಪಟೆಯಾದ ನಂಗು ಮೀನು ಮೈಮೇಲೆ ತೆಳುವಾಗಿ ಉಸುಕನ್ನು ಎಳೆದುಕೊಂಡು, ಕಣ್ಣನ್ನಷ್ಟೇ ಹೊರಗಿಟ್ಟು ಮಲಗುತ್ತದೆ. ಇವೆರಡೂ ಊಟದ ಎಲೆಗೆ ಬರುವ ಮೀನುಗಳಾದುದರಿಂದ ಇವುಗಳ ಜಾಣತನವನ್ನು ಯಾರೂ ಎಣಿಸುವುದಿಲ್ಲ.

ಹೀಗೆ ಮೈಯಿಂದಲೇ ಉಸುಕನ್ನು ಸೀಳಿ ಒಳಹೋಗುವ ಮೀನುಗಳಿಗೆ ನಯವಾದ, ಅಂಚು ಸವೆದ, ಸಣ್ಣ ರವೆಯಂತಹ ಉಸುಕು ಬೇಕು. ಕಾಳಿನ ಗಾತ್ರ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರು. ಆಳ 2ರಿಂದ 3 ಅಂಗುಲ, ಮೀನು ದೊಡ್ಡದಾದರೆ ಇನ್ನಷ್ಟು. ಬಿಲ ತೋಡುವ ಮೀನುಗಳ ಲೆಕ್ಕವೇ ಬೇರೆ. ‘ಜಾಫಿಶ್’ ಎಂಬ ದೊಡ್ಡಬಾಯಿಯ ಮೀನು ನಮ್ಮ ಒಕ್ಕಲಿಗರು ಬಾವಿ ತೋಡಿ ಕಲ್ಲು ಕಟ್ಟುವಂತೆ ನೆಟ್ಟಗೆ ಕೆಳಕ್ಕೆ ತೋಡಿ, ಚಿಪ್ಪಿನ ಚೂರುಗಳನ್ನೂ ಹರಳುಗಳನ್ನೂ ಬಾಯಿಯಲ್ಲಿ ತಂದು ಗೋಡೆಗೆ ಜೋಡಿಸುತ್ತದೆ. ಬರಿಯ ನಯವಾದ ಉಸುಕನ್ನು ಕೊಟ್ಟರೆ ತೋಡಿದಂತೆಲ್ಲ ಕುಸಿಯುತ್ತದೆ. ಪಾಪ, ಆ ಪ್ರಾಣಿಗೆ ದಿನವೆಲ್ಲ ಅದೇ ಕೆಲಸ. ಅದಕ್ಕೆ ಸಣ್ಣ ಉಸುಕು, ದಪ್ಪ ಉಸುಕು, ಚಿಪ್ಪಿನ ಚೂರು ಮೂರನ್ನೂ ಬೆರೆಸಿ 5–6 ಅಂಗುಲ ಆಳವಾಗಿ ತುಂಬತಕ್ಕದ್ದು. ಗೋಬಿ ಮೀನುಗಳಲ್ಲಿ ಕೆಲವು ಸಿಗಡಿಯೊಡನೆ ಒಂದೇ ಬಿಲದಲ್ಲಿ ಒಕ್ಕಲಿರುತ್ತವೆ. ಸಿಗಡಿಗೆ ಕಣ್ಣು ಮಂದ, ಅಗೆಯುವ ಕೆಲಸ ಅದರದು. ಮೀನು ಬಾಗಿಲಲ್ಲಿ ಕಾವಲಿರುತ್ತದೆ. ಸಿಗಡಿಯು ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಹೊರಗೆ ಬರುತ್ತದೆ. ಅಪಾಯ ಕಂಡೊಡನೆ ಮೀನು ಬಾಲ ಅದುರಿಸಿ ತಿಳಿಸುತ್ತದೆ. ಇವುಗಳಿಗೂ ಬೆರಕೆಯ ಉಸುಕೇ ಹಿತ.

ಇನ್ನು, ಇಂತಹ ಉಸುಕು ನಮ್ಮಲ್ಲಿಯೇ ಸಿಕ್ಕೀತೆ? ಭೀಮೆಯ ಉಸುಕು ಕೈಗೆಟುಕುವಂತಿದೆಯೆಂದು ಮೊದಲು ನಮಗೂ ಅನ್ನಿಸಿತು. ಒಂದು ಹಿಡಿಯನ್ನು ತೊಳೆದು ಪರೀಕ್ಷಿಸಿದೆವು. ಎರೆಮಣ್ಣಿನ ಕೆಸರು ಎಷ್ಟು ತೊಳೆದರೂ ಮುಗಿಯಲೊಲ್ಲದು. ಒಣಗಿಸಿ ಅಯಸ್ಕಾಂತ ಹಿಡಿದರೆ ಕರಿಯ ಕಾಳುಗಳು ಮೇಲೆದ್ದು ಅಂಟಿಕೊಂಡವು. ಕರಿಕಲ್ಲಿನ ನಾಡಿನಿಂದ ಹರಿದು ಬರುವ ಹೊಳೆಯಲ್ಲಿ ಕಬ್ಬಿಣದ ಅಂಶವಿರುವುದು ಸಹಜ. ಅಂತಹ ಕಾಳುಗಳನ್ನು ಉಪ್ಪುನೀರಿನಲ್ಲಿ ಇಡುವುದು ತರವಲ್ಲ. ಹೊಳೆಯ ಒಡಲನ್ನು ಬಗೆಯುವುದು ಹೇಗೂ ಒಳ್ಳೆಯದಲ್ಲವೆಂದು ಅದನ್ನು ಅಲ್ಲಿಗೇ ಬಿಟ್ಟೆವು. ತಾಳಿಕೋಟಿಯ ಕಡೆಯ ಹಾಸುಗಲ್ಲು ಸುಣ್ಣದ ಕಲ್ಲಾದುದರಿಂದ ಅದರ ಪುಡಿಯಾದರೂ ಆದೀತೆಂದು ಸ್ನೇಹಿತರೊಬ್ಬರು ಸೂಚಿಸಿದರು. ಸುಣ್ಣದ ಅಂಶವೇನೋ ಉಪ್ಪುನೀರಿಗೆ ವಿರೋಧವಲ್ಲ. ಆದರೆ ಒಡೆದ ಕಲ್ಲಿನ ಅಂಚು ಕತ್ತಿಯಂತೆ, ಮೀನಿನ ಹೊಟ್ಟೆ ರೇಷ್ಮೆಯಂತೆ.

ಆದಕಾರಣ ಕೊಂಡು ತರುವುದೇ ಸರಿ. ‘ಅರಗೊನೈಟ್’ ಎಂಬ ಸುಣ್ಣದ ಜಾತಿಯ ಉಸುಕು ಚೀಲದಲ್ಲಿ ದೊರೆಯುತ್ತದೆ. ಒಂದು ಚಿಟಿಕೆಯ ಮೇಲೆ ವಿನೆಗರ್ ಹನಿಸಿದರೆ ನೊರೆ ಏಳಬೇಕು. ಏಳದಿದ್ದರೆ ಅದು ಸುಣ್ಣದ ಉಸುಕಲ್ಲ. ಬೆರಳುಗಳ ನಡುವೆ ತಿಕ್ಕಿ ನೋಡಿ, ಚುಚ್ಚಿದರೆ ಹಿಂದಿರುಗಿಸಬೇಕು. ಹವಳದ ಚೂರೆಂದು ಯಾರಾದರೂ ತಂದುಕೊಟ್ಟರೆ ಮುಟ್ಟಕೂಡದು. ಬಂಡೆ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ.

ಖರ್ಚಿನ ಲೆಕ್ಕವನ್ನೂ ಗೃಹಸ್ಥರು ಕೇಳಿಯೇ ಕೇಳುತ್ತಾರೆ. 36 ಅಂಗುಲ ಉದ್ದ, 18 ಅಂಗುಲ ಅಗಲದ ತೊಟ್ಟಿಗೆ 3 ಅಂಗುಲ ಆಳವೆಂದರೆ ಸುಮಾರು 32 ಲೀಟರು ಉಸುಕು, ತೂಕದಲ್ಲಿ 45ರಿಂದ 50 ಕಿಲೋ. ಅಷ್ಟು ಭಾರವಾಗುವುದಾದರೆ ರಾಸ್‌ನಂತಹ ಮಲಗುವ ಮೀನಿಗೆ ಅಗಲವಾದ ಗಾಜಿನ ಬೋಗುಣಿಯೊಂದರಲ್ಲಿ ಆಳವಾಗಿ ಉಸುಕು ತುಂಬಿ ತೊಟ್ಟಿಯ ಮೂಲೆಗೆ ಇಟ್ಟರೂ ನಡೆಯುತ್ತದೆ; ಅದು ತಾನೇ ಕಂಡುಕೊಳ್ಳುತ್ತದೆ.

ಒಂದು ಮಾತನ್ನು ಮಾತ್ರ ಮರೆಯಬಾರದು. ಬಂಡೆಗಳನ್ನು ಮೊದಲು ಗಾಜಿನ ತಳಕ್ಕೆ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತಲೂ ಉಸುಕು ಸುರಿಯಬೇಕು. ಉಸುಕಿನ ಮೇಲೆ ಬಂಡೆ ಇಟ್ಟರೆ ಮೀನು ಅದರ ಅಡಿಯನ್ನು ತೋಡಿ, ತನ್ನ ಮನೆ ತನ್ನ ಮೇಲೆಯೇ ಬೀಳುವಂತೆ ಮಾಡಿಕೊಳ್ಳುತ್ತದೆ, ಗಾಜೂ ಒಡೆದೀತು. ಬಹು ದಿವಸ ಅಲುಗದ ಆಳವಾದ ಉಸುಕನ್ನು ಒಮ್ಮೆಲೇ ಕೆದಕುವುದೂ ಸಲ್ಲದು. ಗಾಳಿ ತಾಗದ ತಳದಲ್ಲಿ ಕೊಳೆತ ಮೊಟ್ಟೆಯ ನಾತದ ವಿಷವಾಯು ಕೂಡಿರುತ್ತದೆ.

ತೊಟ್ಟಿಗೆ ಮುಚ್ಚಳ ಮಾಡಿಸಿ, ಹರಳು ತೆಗೆದು, ಉಸುಕು ಹಾಸಿ, ಅದೇ ಜಾತಿಯ ಇನ್ನೊಂದು ಮೀನನ್ನು ತಂದೆವು. ಬಿಟ್ಟ ಕ್ಷಣವೇ ಅದು ಮಾಯವಾಯಿತು. ಎರಡು ದಿವಸ ಕಳೆದರೂ ಕಾಣದಿರಲು ಮಕ್ಕಳು ಕೈಹಾಕಿ ಅಗೆಯುವುದಾಗಿ ಹಟ ಹಿಡಿದರು; ನಾವು ಬಿಡಲಿಲ್ಲ. ನಾಲ್ಕನೆಯ ದಿವಸ ಬೆಳಿಗ್ಗೆ ಉಸುಕು ಸ್ವಲ್ಪ ಅಲುಗಿ, ಹಳದಿಯ ಮೂತಿಯೊಂದು ಹೊರಗೆ ಬಂದಿತು.