ಮುಖ ಕಂಪ್ಯೂಟರಿನದು, ಠೀವಿ ಯಾರದು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ... ಈ ಐದೂ ಊರಿನ ಹಿರಿಯ ಚಿತ್ರರಸಿಕರಿಗೆ ‘ನಾಗರಹಾವು’ ಅಂದರೆ ಪಕ್ಕದ ಮನೆಯ ಕಥೆ! 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರು ವಿಷ್ಣುವರ್ಧನ್‌ರನ್ನು ರಾಮಾಚಾರಿಯಾಗಿ ನಿಲ್ಲಿಸಿದ್ದು ನಮ್ಮ ನೆರೆಯ ಚಿತ್ರದುರ್ಗದಲ್ಲೇ ತಾನೆ?

ಅದೇ ಹೆಸರಿನ ಇನ್ನೊಂದು ಚಿತ್ರ 2016ರ ಅಕ್ಟೋಬರಿನಲ್ಲಿ ತೆರೆಗೆ ಬಂತು. ಕಥೆ ಬೇರೆ, ನಿರ್ದೇಶಕರು ಕೋಡಿ ರಾಮಕೃಷ್ಣ. ರಮ್ಯಾ, ದಿಗಂತ್ ಇದ್ದರೂ ಜನ ಕಾದದ್ದು ಮಾತ್ರ ಮೂರನೆಯವರಿಗೆ. 2009ರ ಡಿಸೆಂಬರ್ 30ರಂದು ನಮ್ಮನ್ನಗಲಿದ ಸಾಹಸಸಿಂಹ ಮತ್ತೆ ಬೆಳ್ಳಿತೆರೆಯ ಮೇಲೆ!

ಹಿಂದೆ ಇಂಥ ಮಾಯೆಗೆ ಕ್ಯಾಮೆರಾ ಒಂದೇ ಗತಿ. 1977ರ ‘ಬಭ್ರುವಾಹನ’ದಲ್ಲಿ ಅಪ್ಪ-ಮಗ ಇಬ್ಬರೂ ರಾಜಕುಮಾರ್. ಆ ಕಾಲದ ದ್ವಿಪಾತ್ರದ ಗುಟ್ಟು ಇಷ್ಟೆ: ಲೆನ್ಸಿನ ಅರ್ಧ ಮುಚ್ಚಿ ಒಂದು ಪಾತ್ರ ತೆಗೆಯೋದು, ರೀಲು ಹಿಂದಕ್ಕೆ ಸುತ್ತಿ ಉಳಿದರ್ಧದಲ್ಲಿ ಇನ್ನೊಂದು ತೆಗೆಯೋದು. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಕೆಲಸ ಕೆಟ್ಟಿತು! ಆದರೆ ಅಲ್ಲಿ ನಟ ಎದುರಿಗಿದ್ದರು.

ಇಲ್ಲಿ ನಟರೇ ಇಲ್ಲ. ಹೈದರಾಬಾದಿನ ಮಕುಟ ಸಂಸ್ಥೆಯವರು ಬೇರೊಬ್ಬರ ಮೈಮೇಲೆ ವಿಷ್ಣು ತಲೆ ಕೂಡಿಸಿದರು. ಇಂಥ ಕೆಲಸಕ್ಕೆ ಹಳೆಯ ಚಿತ್ರಗಳಿಂದ ಮುಖದ ಎಲ್ಲ ಮಗ್ಗುಲನ್ನೂ ಆರಿಸಿ, ಕಂಪ್ಯೂಟರಿನಲ್ಲಿ ತಲೆಯ ಅಚ್ಚು ಕಟ್ಟಬೇಕು. ಮೇಲೆ ಚರ್ಮ, ಮೀಸೆ, ಹುಬ್ಬು. ಕೆಳಗಿನ ಮೈ ತಿರುಗಿದಂತೆ ತಲೆ ತಿರುಗಬೇಕು, ಸೆಟ್ಟಿನ ಬೆಳಕು ಯಾವ ಕೆನ್ನೆಗೆ ಬಿದ್ದಿದೆಯೋ ಆ ಕೆನ್ನೆಯೇ ಹೊಳೆಯಬೇಕು. ಸೆಕೆಂಡಿಗೆ 24 ಚೌಕಟ್ಟು, ನಿಮಿಷಕ್ಕೆ 1440. ಒಂದು ತಪ್ಪಿದರೂ ಗೊಂಬೆಯಾಟ!

ಎಲ್ಲಕ್ಕಿಂತ ಕಷ್ಟ ಕಣ್ಣು. ಅದರ ಪಸೆ, ರೆಪ್ಪೆಯ ಸಣ್ಣ ನಡುಕ... ಹುಟ್ಟಿದಾಗಿನಿಂದ ಮುಖ ಓದುವ ನಾವು ಸುಳ್ಳನ್ನು ಅಲ್ಲೇ ಹಿಡೀತೀವಿ. ಕೊಟ್ಟೂರಿನ ನನ್ನ ಸೋದರಮಾವ ವಿಷ್ಣು ಅಂದರೆ ಪ್ರಾಣ ಬಿಡೋ ಆಸಾಮಿ. ಚಿತ್ರ ನೋಡಿ ಶಿಳ್ಳೆಯನ್ನೂ ಹೊಡೆದರು, ಕಣ್ಣನ್ನೂ ಒರೆಸಿಕೊಂಡರು. ಹೊರಗೆ ಬಂದು ಅಂದದ್ದು ಒಂದೇ ಮಾತು: “ಮುಖ ಅವರದೇ ಐತಿ ನೋಡಪ. ಆದ್ರ ಕಣ್ಣಾಗ ಆ ಸಿಟ್ಟಿಲ್ಲ.”

2018ರಲ್ಲಿ ಹಳೆಯ ‘ನಾಗರಹಾವು’ ಹೊಸ ತಾಂತ್ರಿಕತೆಯಲ್ಲಿ ಮತ್ತೆ ಬಿಡುಗಡೆಯಾಯಿತು. ಅದರಲ್ಲಿ ಆ ಸಿಟ್ಟು ಇದ್ದ ಹಾಗೇ ಇತ್ತು!

ತಂತ್ರಜ್ಞರ ದುಡಿಮೆಗೆ ಶಹಭಾಸ್ ಅನ್ನೋಣ. ಆದರೆ ಓದುಗರೇ, ಈ ವಿದ್ಯೆ ಈಗ ದಿನದಿನಕ್ಕೂ ಅಗ್ಗವಾಗುತ್ತಿದೆ. ನಾಳೆ ಯಾರೋ ಒಬ್ಬರು ನಮ್ಮ ಪ್ರೀತಿಯ ನಟರ ಮುಖ ಎತ್ತಿಕೊಂಡು, ಅವರು ಬದುಕಿದ್ದಾಗ ಒಪ್ಪದ ಮಾತನ್ನು ಆಡಿಸಿದರೆ? ಬೇಡ ಅನ್ನಲು ಅವರಿಲ್ಲ. ಅನ್ನಬೇಕಾದವರು ಟಿಕೆಟು ಕೊಳ್ಳುವ ನಾವೇ!